ಎಚ್‌ಐವಿ ಭಯ: ಮೂರು ವಾರದಿಂದ ನಿದ್ದೆ ಇಲ್ಲ, ಈ ಲಕ್ಷಣಗಳು ಅದರದ್ದೇನಾ?

ನಿಶಾಚರ
ಹೊಸ ಐಡಿ ಮಾಡ್ಕೊಂಡು ಬರೀತಿದ್ದೀನಿ, ಯಾಕೆ ಅಂತ ನಿಮಗೇ ಗೊತ್ತಾಗುತ್ತೆ. ಮೂರು ವಾರದ ಹಿಂದೆ ಆ್ಯಪ್‌ನಲ್ಲಿ ಪರಿಚಯ ಆದವರ ಜೊತೆ ಒಂದು ರಾತ್ರಿ ಕಳೆದೆ. ಕಾಂಡೋಮ್ ಹಾಕಿದ್ದೆ, ಆದ್ರೆ ಶುರುವಿನಲ್ಲಿ ಸ್ವಲ್ಪ ಹೊತ್ತು ಹಾಕಿರಲಿಲ್ಲ. ಓರಲ್ ಕೂಡ ಆಯ್ತು, ಅದಕ್ಕೆ ಏನೂ ಬಳಸಲಿಲ್ಲ. ಅವರ ಆರೋಗ್ಯದ ಬಗ್ಗೆ ನನಗೇನೂ ಗೊತ್ತಿಲ್ಲ, ಕೇಳೋಕೆ ಬಾಯಿ ಬರ್ತಿಲ್ಲ.

ಎರಡನೇ ವಾರಕ್ಕೆ ಗಂಟಲು ಕೆರೆತ ಶುರು. ಆಮೇಲೆ ಮೈ ಬೆಚ್ಚಗೆ, ಥರ್ಮಾಮೀಟರ್‌ನಲ್ಲಿ 99.1. ಕತ್ತಿನ ಎಡಗಡೆ ಒಂದು ಗಂಟು ಕೈಗೆ ಸಿಗ್ತಿದೆ. ನಾಲಗೆ ಮೇಲೆ ಬಿಳಿ ಪದರ. ಎದೆ ಮೇಲೆ ನಾಲ್ಕೈದು ಕೆಂಪು ಚುಕ್ಕೆ. ರಾತ್ರಿ ಬೆವರು, ಬೆಳಿಗ್ಗೆ ಭೇದಿ. ಬಾತ್‌ರೂಮ್ ಕನ್ನಡಿ ಮುಂದೆ ಟಾರ್ಚ್ ಹಿಡ್ಕೊಂಡು ನಾಲಗೆ ಫೋಟೊ ತೆಗೆಯೋದೇ ಕೆಲಸ ಆಗಿದೆ. ಗ್ಯಾಲರಿ ತುಂಬಾ ನಾಲಗೆ.

ಮೊನ್ನೆ ರಕ್ತ ಕೊಟ್ಟು ಬಂದೆ, ನೆಗೆಟಿವ್ ಅಂತ ಬಂತು. ಅರ್ಧ ದಿನ ನೆಮ್ಮದಿ. ಆಮೇಲೆ ‘ವಿಂಡೋ ಪೀರಿಯಡ್’ (ಸೋಂಕು ತಗುಲಿದ್ರೂ ಟೆಸ್ಟ್‌ನಲ್ಲಿ ಇನ್ನೂ ಕಾಣದ ಅವಧಿ) ಬಗ್ಗೆ ಓದಿದೆ, ಎಲ್ಲಾ ಕುಸೀತು. ಒಂದು ಕಡೆ 28 ದಿನ ಅಂತಾರೆ, ಇನ್ನೊಂದು ಕಡೆ ಮೂರು ತಿಂಗಳು, ಮತ್ತೊಂದು ಕಡೆ ಆರು ತಿಂಗಳು. ಯಾರನ್ನ ನಂಬೋದು? ಈ ಲಕ್ಷಣಗಳು ಅದರದ್ದೇ ಅಲ್ವಾ?

ಕೊಂಕುಮಾತು
ಗುರು, ಮೊದಲು ಗೂಗಲ್ ಮುಚ್ಚು. ಅಲ್ಲಿ ಉಗುರು ಸುತ್ತು ಅಂತ ಹುಡುಕಿದ್ರೂ ಮೂರನೇ ಪುಟಕ್ಕೆ ಕ್ಯಾನ್ಸರ್ ಬರುತ್ತೆ.

ಲ್ಯಾಬ್‌ಕೋಟು
ಲ್ಯಾಬ್‌ನಲ್ಲಿ ಕೆಲಸ ಮಾಡೋನು, ನನಗೆ ತಿಳಿದಷ್ಟು ಹೇಳ್ತೀನಿ. ಮೊದಲು ನೀವು ಹೇಳಬೇಕಾದ್ದು: ತೋಳಿನ ನರದಿಂದ ರಕ್ತ ತೆಗೆದ್ರಾ, ಬೆರಳಿಗೆ ಚುಚ್ಚಿ ಕಿಟ್‌ಗೆ ಹನಿ ಹಾಕಿದ್ರಾ? ರಿಪೋರ್ಟ್‌ನಲ್ಲಿ ‘ಪಿ24’ ಅಥವಾ ‘ಆ್ಯಂಟಿಜೆನ್/ಆ್ಯಂಟಿಬಾಡಿ’ ಅಂತ ಇದೆಯಾ? ಇದು ಗೊತ್ತಾಗದೆ ‘ಎಷ್ಟು ದಿನ ಕಾಯಬೇಕು’ ಅನ್ನೋದಕ್ಕೆ ಉತ್ತರನೇ ಇಲ್ಲ. ನೀವು ಓದಿದ್ದೆಲ್ಲ ಒಂದಕ್ಕೊಂದು ತಾಳೆ ಆಗದೇ ಇರೋದು ಅದಕ್ಕೇ. ಬೇರೆ ಬೇರೆ ಟೆಸ್ಟ್‌ಗಳ ಲೆಕ್ಕ ಕಲಸುಮೇಲೋಗರ ಆಗಿದೆ.

ನಿಶಾಚರ
ನರದಿಂದ ತೆಗೆದ್ರು ಸರ್. ರಿಪೋರ್ಟ್‌ನಲ್ಲಿ ‘ಎಚ್‌ಐವಿ 1 ಮತ್ತು 2, ಪಿ24 ಆ್ಯಂಟಿಜೆನ್’ ಅಂತ ಇದೆ. ನಾಲಗೆ ಫೋಟೊ ಹಾಕ್ತಿದ್ದೀನಿ, ದಯವಿಟ್ಟು ಒಂದ್ಸಲ ನೋಡಿ.
[ಚಿತ್ರ ತೆಗೆಯಲಾಗಿದೆ]

ನಿರ್ವಾಹಕ
ದೇಹದ ಫೋಟೊ ಹಾಕಬೇಡಿ. ಯಾರ ನಾಲಗೆಯೂ ಬೇಡ.

ಗೂಗಲ್‌ಪಂಡಿತ
ಆರು ತಿಂಗಳು ಕಾಯಲೇಬೇಕು. ಅದಕ್ಕಿಂತ ಮುಂಚೆ ಬರೋ ನೆಗೆಟಿವ್ ಎಲ್ಲ ಸುಳ್ಳು. ನಮ್ಮ ಭಾವನ ಸ್ನೇಹಿತನಿಗೆ ವರ್ಷ ಆದ್ಮೇಲೆ ಗೊತ್ತಾಯ್ತು. ಬಿಳಿ ನಾಲಗೆ + ಗಂಟು + ಭೇದಿ = ಪಕ್ಕಾ ಲಕ್ಷಣ. ಹೆದರಿಸ್ತಿಲ್ಲ, ಇದ್ದಿದ್ದು ಹೇಳಿದೆ.

ಲ್ಯಾಬ್‌ಕೋಟು
@ಗೂಗಲ್‌ಪಂಡಿತ ಭಾವನ ಸ್ನೇಹಿತ ವರ್ಷ ಆದ್ಮೇಲೆ ಟೆಸ್ಟ್ ಮಾಡಿಸಿದ್ದಕ್ಕೆ ವರ್ಷ ಆದ್ಮೇಲೆ ಗೊತ್ತಾಗಿದ್ದು. ಅಷ್ಟೇ.

ಆರು ತಿಂಗಳ ಲೆಕ್ಕ ಹಳೇ ಕಾಲದ್ದು. 1985ರಲ್ಲಿ ಮೊದಲ ಆ್ಯಂಟಿಬಾಡಿ ಟೆಸ್ಟ್ ಬಂದಾಗ ಅದರ ಸೂಕ್ಷ್ಮತೆ ಈಗಿನಷ್ಟು ಇರಲಿಲ್ಲ, ಹಾಗಾಗಿ ಸುರಕ್ಷತೆಗೆ ಅಂತ ಉದ್ದದ ಗಡುವು ಇಟ್ಟಿದ್ರು. ಈಗ ನಾಲ್ಕನೇ ತಲೆಮಾರಿನ ಟೆಸ್ಟ್ ದೇಹ ತಯಾರಿಸೋ ಆ್ಯಂಟಿಬಾಡಿ ಜೊತೆಗೆ ವೈರಸ್ಸಿನದೇ ಪ್ರೋಟೀನ್ ಆದ ಪಿ24ನ್ನೂ ಹುಡುಕುತ್ತೆ. ಪಿ24 ಎರಡು ವಾರದ ಆಸುಪಾಸಿಗೇ ರಕ್ತದಲ್ಲಿ ಕಾಣಿಸ್ಕೊಳ್ಳೋಕೆ ಶುರು ಆಗುತ್ತೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡೋ ಲೆಕ್ಕ ಇದು. ನರದಿಂದ ತೆಗೆದ ರಕ್ತದ ಆ್ಯಂಟಿಜೆನ್/ಆ್ಯಂಟಿಬಾಡಿ ಟೆಸ್ಟ್ ಸಾಮಾನ್ಯವಾಗಿ 18ರಿಂದ 45 ದಿನದೊಳಗೆ ಸೋಂಕು ಹಿಡಿಯುತ್ತೆ. ಅದೇ ಟೆಸ್ಟ್ ಬೆರಳ ಹನಿಯಿಂದ ಮಾಡಿದ್ರೆ 18ರಿಂದ 90. ಬರೀ ಆ್ಯಂಟಿಬಾಡಿ ನೋಡೋದಾದ್ರೆ 23ರಿಂದ 90. ವೈರಸ್ಸಿನ ಆರ್‌ಎನ್‌ಎ ಹುಡುಕೋ ನ್ಯಾಟ್ 10ರಿಂದ 33. ನಿಶಾಚರ ಅವರೇ, ನಿಮ್ಮದು ಮೊದಲನೇ ಸಾಲಿಗೆ ಸೇರಿದ್ದು. ಮೂರು ವಾರದ ನೆಗೆಟಿವ್ ಒಳ್ಳೇ ಸುದ್ದಿ, ಆದ್ರೆ ಕೊನೇ ಮಾತಲ್ಲ. 45 ದಿನ ದಾಟಿದ ಮೇಲೆ ಇದೇ ಟೆಸ್ಟ್ ಇನ್ನೊಂದ್ಸಲ ಮಾಡಿಸಿ. ಆಗಲೂ ನೆಗೆಟಿವ್ ಬಂದ್ರೆ ಕಡತ ಮುಚ್ಚಿ.

ಧರ್ಮಸೂಕ್ಷ್ಮ
ಮಾಡೋದೆಲ್ಲ ಮಾಡಿ ಆಮೇಲೆ ಅಳೋದು. ಮನಸ್ಸು ಹಿಡಿತದಲ್ಲಿ ಇದ್ದಿದ್ರೆ ಈ ಪಾಡು ಬರ್ತಿತ್ತಾ?

ಕೊಂಕುಮಾತು
ಬಂದ್ರಪ್ಪಾ. ನಾನು ಕಾಯ್ತಾನೇ ಇದ್ದೆ, ಇನ್ನೂ ಯಾಕೆ ಬಂದಿಲ್ಲ ಅಂತ.

ನೇರನುಡಿ
@ಧರ್ಮಸೂಕ್ಷ್ಮ ನಿಮ್ಮಂಥವ್ರ ಮಾತಿಗೆ ಅಂಜೇ ಮಂದಿ ಟೆಸ್ಟ್ ಮಾಡಸಂಗಿಲ್ರಿ. ಅವ ಕೇಳಿದ್ದು ರಕ್ತದ ವಿಷಯ, ನೀವು ಹೇಳಾಕತ್ತಿದ್ದು ಪ್ರವಚನ.

ತಮ್ಮಾ ನಿಶಾಚರ, ಮೊದ್ಲ ಆ ಗಂಟು ಮುಟ್ಟೂದು ಬಿಡು. ದಿನಾ ಹತ್ತು ಸಲ ಒತ್ತಿ ಒತ್ತಿ ನೋಡಿದ್ರ ಎಂಥಾ ಗಂಟಾದ್ರೂ ನೋಯ್ತದ. ನೋವಾತು ಅಂತ ಮತ್ತ ಒತ್ತತಿ, ಮತ್ತ ನೋಯ್ತದ. ನಂದೂ ಇದ ಕಥಿ ಆಗಿತ್ತು. ಡಾಕ್ಟರ್ ನೋಡಿ ‘ಇದು ಎಲ್ಲಾರಿಗೂ ಇರೂ ಗಂಟು, ನೀ ಕೈ ತಗಿ’ ಅಂದ್ರು.

ಕಡಲಹಕ್ಕಿ
ನಾನು ನರ್ಸ್, ಆಪ್ತಸಮಾಲೋಚನೆ ವಿಭಾಗದಲ್ಲಿ ತುಂಬ ವರ್ಷ ಇದ್ದವಳು. ಲಕ್ಷಣಗಳ ಬಗ್ಗೆ ಸ್ವಲ್ಪ ಹೇಳ್ತೇನೆ ಮಾರಾಯ್ರೆ, ಇಲ್ಲಿ ಎಲ್ಲರೂ ಅದರಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಹೊಸ ಸೋಂಕಿನ ಲಕ್ಷಣ ಅಂತ ಒಂದು ಉಂಟು, ಇಲ್ಲ ಅಂತ ಅಲ್ಲ. ಸಾಮಾನ್ಯವಾಗಿ 2ರಿಂದ 4 ವಾರಕ್ಕೆ ಬರುವುದು. ಜ್ವರ, ಗಂಟಲು ನೋವು, ಮೈಕೈ ನೋವು, ಮೈಮೇಲೆ ದದ್ದು, ದುಗ್ಧಗ್ರಂಥಿ ಊದುವುದು, ಬಾಯಲ್ಲಿ ಹುಣ್ಣು, ರಾತ್ರಿ ಬೆವರು. ಕೆಲವು ದಿನದಿಂದ ಕೆಲವು ವಾರದವರೆಗೆ ಇದ್ದು ತನ್ನಷ್ಟಕ್ಕೇ ಹೋಗ್ತದೆ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಸಾಧಾರಣ ಫ್ಲೂ ಬಂದರೂ ಇದೇ ಅಲ್ವಾ? ಇನ್ನು ಸೋಂಕು ತಗುಲಿದವರಲ್ಲಿ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಅಂದರೆ ಲಕ್ಷಣ ಇದ್ದರೂ ಹೇಳಲಿಕ್ಕಾಗುವುದಿಲ್ಲ, ಇಲ್ಲದಿದ್ದರೂ ಹೇಳಲಿಕ್ಕಾಗುವುದಿಲ್ಲ.

ನಿಮ್ಮದನ್ನೇ ತಗೊಳ್ಳಿ. 99.1 ಜ್ವರ ಅಲ್ಲ. ಸಂಜೆಗೆ ಯಾರಿಗೂ ಅಷ್ಟು ಬರ್ತದೆ. ಗ್ರಂಥಿ ಊದುವುದಾದರೆ ಒಂದೇ ಕಡೆ ಒಂದೇ ಗಂಟಾಗಿ ಇರುವುದು ಕಡಿಮೆ. ಬಿಳಿ ನಾಲಗೆ ಅಂದರೆ ಎಲ್ಲರೂ ಹೆದರುವುದು ಕ್ಯಾಂಡಿಡಾ ಅನ್ನುವ ಶಿಲೀಂಧ್ರದ ಸೋಂಕಿಗೆ. ಅದು ಹೆಚ್ಚಾಗಿ ಕಾಣುವುದು ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಕಳೆದು ರೋಗನಿರೋಧಕ ಶಕ್ತಿ ಕುಸಿದವರಲ್ಲಿ. ನಿದ್ದೆಗೆಟ್ಟು, ಊಟ ಬಿಟ್ಟು, ಬಾಯಿ ಒಣಗಿಸಿಕೊಂಡು ಕೂತರೆ ನಾಲಗೆ ಬೆಳ್ಳಗಾಗದೆ ಎಂತ ಆಗ್ತದೆ? ಭೇದಿ, ಬೆವರು, ಎದೆಬಡಿತ ಮೂರೂ ಗಾಬರಿಯಿಂದಲೇ ಬರ್ತದೆ.

ಅಪಾಯದ ಲೆಕ್ಕವನ್ನೂ ಹೇಳಿಬಿಡ್ತೇನೆ. ಸಂಗಾತಿಗೆ ಎಚ್‌ಐವಿ ಇದೆ, ಚಿಕಿತ್ಸೆ ಇಲ್ಲ, ಕಾಂಡೋಮ್ ಇಲ್ಲ ಅಂತ ಇಟ್ಟುಕೊಂಡರೂ, ಯೋನಿ ಸಂಭೋಗದಲ್ಲಿ ಗಂಡಸಿಗೆ ತಗಲುವ ಅಂದಾಜು 10,000 ಸಲಕ್ಕೆ 4, ಹೆಂಗಸಿಗೆ 8. ಗುದ ಸಂಭೋಗದಲ್ಲಿ ಒಳಗೆ ತಗೊಳ್ಳುವವರಿಗೆ ಅದು 138, ಅಲ್ಲಿ ಅಪಾಯ ನಿಜವಾಗಿಯೂ ಜಾಸ್ತಿ. ಓರಲ್‌ನಲ್ಲಿ ತೀರಾ ಕಡಿಮೆ. ಇವು ಸರಾಸರಿ. ಹುಣ್ಣು ಇದ್ದರೆ, ಅಥವಾ ಆ ವ್ಯಕ್ತಿಗೆ ಸೋಂಕು ಹೊಸತಾಗಿ ತಗುಲಿದ್ದರೆ, ಏರ್ತದೆ. ನಿಮ್ಮ ಸಂಗಾತಿಗೆ ಎಚ್‌ಐವಿ ಇದೆ ಅಂತಲೇ ಗೊತ್ತಿಲ್ಲ, ನೆನಪಿರಲಿ.

ಇನ್ನೊಂದು. ಎಚ್‌ಐವಿ ಒಂದನ್ನೇ ಹಿಡಿದು ಕೂರಬೇಡಿ. ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಹೆಪಟೈಟಿಸ್ ಬಿ ಎಲ್ಲ ಇದಕ್ಕಿಂತ ಎಷ್ಟೋ ಸುಲಭವಾಗಿ ದಾಟ್ತವೆ. ಅದರ ಪರೀಕ್ಷೆ ಮಾಡಿಸಿದ್ರಾ?

ನಿಶಾಚರ
ಇಲ್ಲ ಮೇಡಂ. ಉರಿ, ಕೀವು, ಏನೂ ಇಲ್ಲ. ಅದರ ಬಗ್ಗೆ ನನಗೆ ಚಿಂತೆ ಇಲ್ಲ. 10,000ಕ್ಕೆ 4 ಅಂದ್ರಲ್ಲ, ಆ ನಾಲ್ಕರಲ್ಲಿ ಒಬ್ಬ ನಾನೇ ಆಗಿದ್ರೆ?

ಕೊಂಕುಮಾತು
ಈ ಲೆಕ್ಕದಲ್ಲಿ ಲಾಟರಿ ತಗೊಂಡಿದ್ರೆ ಇಷ್ಟೊತ್ತಿಗೆ ಶ್ರೀಮಂತ ಆಗ್ತಿದ್ದೆ ಗುರು.

ಹೊಸಬ_ಇಲ್ಲಿ
ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನನಗೆ ನಿನ್ನೆ ರಾತ್ರಿ ಕಾಂಡೋಮ್ ಹರೀತು. ನಾನು ಗೇ. ನಾನೇ ರಿಸೀವಿಂಗ್. ಮೇಲೆ 138 ಅಂತ ಓದಿದಾಗಿಂದ ಕೈ ನಡುಗ್ತಿದೆ. 18 ದಿನ ಕಾದು ಟೆಸ್ಟ್ ಮಾಡಿಸ್ಬೇಕಾ?

ಲ್ಯಾಬ್‌ಕೋಟು
ಕಾಯಬೇಡಿ!! ಈಗಲೇ ಹೊರಡಿ.

ಕಡಲಹಕ್ಕಿ
ಎಲ್ಲರೂ ಸ್ವಲ್ಪ ಸುಮ್ಮನಿರಿ, ಇದು ತುರ್ತು.

@ಹೊಸಬ_ಇಲ್ಲಿ ಸಂಪರ್ಕ ಆದ ಮೇಲೆ ಎಚ್‌ಐವಿ ತಗಲದ ಹಾಗೆ ತಡೆಯಲಿಕ್ಕೆ ಪಿಇಪಿ ಅಂತ ಮಾತ್ರೆ ಉಂಟು, ‘ಪೆಪ್’ ಅಂತಲೂ ಹೇಳ್ತಾರೆ. ಸಂಪರ್ಕ ಆಗಿ 72 ಗಂಟೆಯೊಳಗೆ ಶುರು ಮಾಡಬೇಕು. 72 ಅಂದರೆ ಕೊನೆಯ ಗಡುವು; ಗಂಟೆ ಕಳೆದಷ್ಟೂ ಪ್ರಯೋಜನ ಕಡಿಮೆಯಾಗ್ತದೆ. ನಾಳೆ ನೋಡುವ, ಸೋಮವಾರ ನೋಡುವ ಅಂತ ಬೇಡ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ‘ಎಚ್‌ಐವಿ ಪಿಇಪಿ ಬೇಕು, ಕಾಂಡೋಮ್ ಹರಿದಿದೆ, ಇಷ್ಟು ಗಂಟೆ ಆಯ್ತು’ ಅಂತ ನೇರ ಹೇಳಿ. ಗುದ ಸಂಭೋಗ ಅಂತ ಹೇಳಲಿಕ್ಕೆ ನಾಚಿಕೆ ಬೇಡ, ಅದನ್ನು ನೋಡಿಯೇ ಅವರು ತೀರ್ಮಾನ ಮಾಡುವುದು. ಒಬ್ಬರು ಆಗುವುದಿಲ್ಲ ಅಂದರೆ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ ಮಾತ್ರೆ) ಕೊಡುವ ಜಾಗ ಎಲ್ಲುಂಟು ಅಂತ ಅವರಲ್ಲೇ ಕೇಳಿ, ಅಲ್ಲಿಗೆ ಹೋಗಿ. ಒಳಗೆ ತೊಳೆಯುವುದು, ಡೂಶ್ ಮಾಡುವುದು ಎಂತದೂ ಮಾಡಬೇಡಿ, ಅದರಿಂದ ಒಳಪದರಕ್ಕೆ ಗಾಯ ಆಗ್ತದೆ.

ಹೊಸಬ_ಇಲ್ಲಿ
ಅವನು ‘ನನಗೆ ಏನೂ ಇಲ್ಲ, ಹೆದರಬೇಡ’ ಅಂತಿದ್ದಾನೆ. ಆದ್ರೂ ಹೋಗ್ಬೇಕಾ?

ನೇರನುಡಿ
ಹೋಗೋ ಮಾರಾಯಾ! ಅವ ಕಡೀ ಸಲ ಯಾವಾಗ ಟೆಸ್ಟ್ ಮಾಡಿಸ್ಯಾನ ಕೇಳೀದೇನ? ಅದನ್ನೂ ದಾರಿ ಮ್ಯಾಲೆ ಕೇಳು, ಇಲ್ಲಿ ಕುಂತು ಟೈಪ್ ಮಾಡಬ್ಯಾಡ.

ಸುಮ್ನೆ_ಓದೋನು
ಪಾಪ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೀನಿ, ಪಿಇಪಿ ಅಂತ ಒಂದಿದೆ ಅಂತ ಇವತ್ತೇ ಗೊತ್ತಾಗಿದ್ದು. ಲಕ್ಷಣದ ಬಗ್ಗೆ ನೂರು ಪೋಸ್ಟ್ ಇವೆ, ಇದರ ಬಗ್ಗೆ ಒಂದೂ ಕಣ್ಣಿಗೆ ಬಿದ್ದಿಲ್ಲ.

ಗೂಗಲ್‌ಪಂಡಿತ
ಆ ಮಾತ್ರೆ ತಗೊಂಡ್ರೆ ಕಿಡ್ನಿ ಹೋಗುತ್ತೆ. ಯೋಚನೆ ಮಾಡಿ.

ಲ್ಯಾಬ್‌ಕೋಟು
ಅದಕ್ಕೇ ಶುರುವಿನಲ್ಲೇ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಟೆಸ್ಟ್ ಮಾಡ್ತಾರೆ. 28 ದಿನದ ಮಾತ್ರೆ ಅದು, ಜೀವಮಾನ ಪೂರ್ತಿ ಅಲ್ಲ. ಪಂಡಿತರೇ, ಹೆದರಿಸಿ ಯಾರನ್ನೂ ಮನೇಲಿ ಕೂರಿಸಬೇಡಿ. ಇವತ್ತು ಮಾತ್ರ ಬೇಡ.

ಎರಡನೇ_ಇನಿಂಗ್ಸ್
ಇಡೀ ಚರ್ಚೆ ಓದಿದೆ. ಹೊಸಬ ಬೇಗ ಮಾತ್ರೆ ಶುರು ಮಾಡಲಿ. ಈಗ ನಾನು ಬೇರೆ ಒಂದು ವಿಷಯ ಎತ್ತುತ್ತೇನೆ.

ನಾನು ಎಚ್‌ಐವಿ ಪಾಸಿಟಿವ್. ಹತ್ತು ವರ್ಷದ ಮೇಲಾಯ್ತು. ದಿನಕ್ಕೆ ಒಂದು ಮಾತ್ರೆ, ರಾತ್ರಿ ಊಟ ಆದ ಮೇಲೆ. ಹೆಂಡತಿಗೆ ಇಲ್ಲ, ಮಗಳಿಗೆ ಇಲ್ಲ. ಇಲ್ಲಿ ನಿಮ್ಮ ಮಾತುಗಳಲ್ಲೆಲ್ಲ ‘ಅದು’ ಬಂದುಬಿಟ್ಟರೆ ಮುಗೀತು ಅನ್ನೋ ಧಾಟಿ ಇದೆ. ಭಯ ಅರ್ಥ ಆಗುತ್ತೆ, ನನಗೂ ಆಗಿತ್ತು. ಆದರೆ ನೀವು ಹೆದರುತ್ತಿರುವ ಕಾಯಿಲೆ 1980ರ ದಶಕದ್ದು. 1996ರ ಸುಮಾರಿಗೆ ಹಲವು ಔಷಧಿ ಸೇರಿಸಿ ಕೊಡೋ ಚಿಕಿತ್ಸೆ ಬಂದಮೇಲೆ ಕಥೆಯೇ ಬದಲಾಯ್ತು. ಬಾಸ್ಕೆಟ್‌ಬಾಲ್‌ನ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಅಂತ ಲೋಕಕ್ಕೆ ಹೇಳಿದ್ದು 1991ರ ನವೆಂಬರ್‌ನಲ್ಲಿ. ಆತ ಆಮೇಲೆ ದಶಕಗಳ ಕಾಲ ವ್ಯಾಪಾರ ನಡೆಸ್ಕೊಂಡು, ಮೊಮ್ಮಕ್ಕಳ ಕಾಲಕ್ಕೂ ಬಂದ.

ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಪಾರ್ಟ್‌ನರ್ ಅಧ್ಯಯನದ ಎರಡನೇ ಭಾಗ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಬ್ಬರಿಗೆ ಇದ್ದು ಇನ್ನೊಬ್ಬರಿಗಿಲ್ಲದ ಗೇ ಜೋಡಿಗಳು, ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಸಲ. ಸಂಗಾತಿಯಿಂದ ಸಂಗಾತಿಗೆ ದಾಟಿದ್ದು ಸೊನ್ನೆ.

ಹಾಗಾಗಿ ನಿಶಾಚರ, ನಿನಗೆ ನೆಗೆಟಿವ್ ಬರಲಿ ಅಂತಲೇ ನನ್ನ ಆಸೆ. ಆದರೆ ನನ್ನಂಥವರೂ ಈ ಸಾಲುಗಳನ್ನು ಓದುತ್ತಾ ಕೂತಿರುತ್ತೇವೆ.

ಧರ್ಮಸೂಕ್ಷ್ಮ
ಒಂದು ಪ್ರಶ್ನೆ. ಹೆಂಡತಿಗೆ ಹೇಳಿದ್ದೀರಾ?

ಎರಡನೇ_ಇನಿಂಗ್ಸ್
ರಿಪೋರ್ಟ್ ತರೋಕೆ ಹೋದಾಗ ಪಕ್ಕದಲ್ಲೇ ಇದ್ದಳು. ಮುಂದಿನ ಪ್ರಶ್ನೆ?

ಕೊಂಕುಮಾತು
🔥

ಮರೆಯಲ್ಲಿ
ನಾನು ಹೆಂಗಸು, ಮದುವೆ ಆಗಿದೆ. ಗಂಡ ಊರ ಹೊರಗೆ ಕೆಲಸಕ್ಕೆ ಹೋದಾಗ ಯಾರ ಜೊತೆಗೋ ಇದ್ದರು ಅಂತ ಗೊತ್ತಾಗಿದೆ. ಅವರೇ ಒಪ್ಪಿಕೊಂಡ್ರು. ಅವರ ಟೆಸ್ಟ್ ನೆಗೆಟಿವ್ ಬಂದಿದೆ, ‘ಇನ್ನೇನು, ಸುಮ್ನಿರು’ ಅಂತಾರೆ. ಇಲ್ಲಿ ಎಲ್ಲರೂ ಹೋಗಿ ಬಂದವರ ಭಯದ ಬಗ್ಗೆನೇ ಮಾತಾಡ್ತೀರಿ. ಮನೆಯಲ್ಲಿ ಇದ್ದವಳು ಏನು ಮಾಡ್ಬೇಕು ಅಂತ ಯಾರೂ ಬರೆದಿಲ್ಲ.

ಕಡಲಹಕ್ಕಿ
ಸರಿಯಾದ ಮಾತು ಹೇಳಿದಿರಿ. ಅವರ ಟೆಸ್ಟ್ ಸಂಪರ್ಕ ಆಗಿ ಎಷ್ಟು ದಿನಕ್ಕೆ ಮಾಡಿದ್ದು, ಯಾವ ಟೆಸ್ಟ್ ಅಂತ ಕಾಗದದಲ್ಲೇ ನೋಡಿ, ಬಾಯಿಮಾತು ಬೇಡ. 45 ದಿನ ದಾಟಿ ನರದ ರಕ್ತದ ಟೆಸ್ಟ್ ನೆಗೆಟಿವ್ ಬರುವವರೆಗೆ ಕಾಂಡೋಮ್ ಇಲ್ಲದೆ ಹತ್ತಿರ ಬರಬೇಡಿ ಅಂತ ಹೇಳುವ ಹಕ್ಕು ನಿಮಗುಂಟು. ಹೊಸ ಸೋಂಕಿನ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರ್ತದೆ, ಟೆಸ್ಟ್ ಇನ್ನೂ ತೋರಿಸದ ಹೊತ್ತಿನಲ್ಲೇ ಹರಡುವುದು ಜಾಸ್ತಿ.

ನೀವೂ ಬೇರೆಯಾಗಿ ಪರೀಕ್ಷೆ ಮಾಡಿಸಿ. ಎಚ್‌ಐವಿ ಮಾತ್ರ ಅಲ್ಲ, ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಕೂಡ. ಕ್ಲಮೈಡಿಯಾ ಹೆಂಗಸರಲ್ಲಿ ಸದ್ದಿಲ್ಲದೆ ಇದ್ದು ಗರ್ಭನಾಳಕ್ಕೆ ಹಾನಿ ಮಾಡ್ತದೆ. ಬಸುರಿ ಇದ್ದರೆ, ಅಥವಾ ಮಗುವಿಗೆ ಹಾಲು ಕೊಡ್ತಿದ್ದರೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮರೆಯಲ್ಲಿ
ಹಾಲು ಕೊಡ್ತಿದ್ದೀನಿ. ನಾಳೆ ಹೋಗ್ತೀನಿ ಅಕ್ಕಾ.

ಸುಮ್ನೆ_ಓದೋನು
ಒಂದು ಐಡಿಯಾ. ರಕ್ತದಾನ ಮಾಡಿದ್ರೆ ಅವರೇ ಎಚ್‌ಐವಿ ಟೆಸ್ಟ್ ಮಾಡ್ತಾರಲ್ಲ? ಯಾರಿಗೂ ಏನೂ ಹೇಳೋದು ಬೇಡ, ಮುಜುಗರ ಇಲ್ಲ.

ಲ್ಯಾಬ್‌ಕೋಟು
ದಯವಿಟ್ಟು ಈ ಕೆಲಸ ಮಾಡಬೇಡಿ. ಯಾರಿಗಾದ್ರೂ ಹೇಳಿ ಕೂಡ ಕೊಡಬೇಡಿ. ನೀವು ವಿಂಡೋದಲ್ಲಿ ಇದ್ದು ಟೆಸ್ಟ್ ತಪ್ಪಿಸ್ಕೊಂಡ್ರೆ ಆ ಬಾಟಲಿ ಹೋಗೋದು ಹೆರಿಗೆ ಆದವಳಿಗೋ, ಆಪರೇಷನ್ ಆದವನಿಗೋ. ಸೋಂಕಿರೋ ರಕ್ತ ಏರಿಸಿದ್ರೆ ತಗಲೋ ಸಾಧ್ಯತೆ ನೂರಕ್ಕೆ ತೊಂಬತ್ತರ ಮೇಲೆ. ಫಾರಂನಲ್ಲಿ ‘ಇತ್ತೀಚೆಗೆ ಹೊಸ ಸಂಪರ್ಕ ಆಗಿದೆಯಾ’ ಅಂತ ಕೇಳೋದು ಸುಮ್ನೆ ಅಲ್ಲ.

ಸುಮ್ನೆ_ಓದೋನು
ಅಷ್ಟು ಯೋಚಿಸಿರಲಿಲ್ಲ. ಸರಿ.

ಬೆಳದಿಂಗಳು
ಸೊಳ್ಳೆಯಿಂದ ಬರಲ್ಲ ಅನ್ನೋದು ಖಚಿತಾನಾ? ಸೊಳ್ಳೆ ಒಬ್ಬರ ರಕ್ತ ಕುಡಿದು ಇನ್ನೊಬ್ಬರಿಗೆ ಚುಚ್ಚುತ್ತಲ್ಲ.

ಲ್ಯಾಬ್‌ಕೋಟು
ಚುಚ್ಚಿದಾಗ ಸೊಳ್ಳೆ ಒಳಗೆ ಬಿಡೋದು ತನ್ನ ಜೊಲ್ಲು, ಹಿಂದೆ ಕುಡಿದ ರಕ್ತ ಅಲ್ಲ. ವೈರಸ್ ಸೊಳ್ಳೆ ಹೊಟ್ಟೇಲಿ ಬೆಳೆಯೋದೂ ಇಲ್ಲ. ಮುತ್ತು, ಬೆವರು, ತಟ್ಟೆ ಲೋಟ, ಟಾಯ್ಲೆಟ್ ಸೀಟು ಯಾವುದೂ ಅಲ್ಲ.

ಬೆಳದಿಂಗಳು
ಕ್ಷೌರದ ಬ್ಲೇಡು?

ಲ್ಯಾಬ್‌ಕೋಟು
ಎಚ್‌ಐವಿ ಗಾಳಿಗೆ ಒಣಗಿದ್ರೆ ಬೇಗ ಶಕ್ತಿ ಕಳ್ಕೊಳ್ಳುತ್ತೆ. ಬ್ಲೇಡಿನ ವಿಷಯದಲ್ಲಿ ನಾನು ಹೆದರೋದಾದ್ರೆ ಹೆಪಟೈಟಿಸ್ ಬಿಗೆ. ಅದು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತೆ. ಅದಕ್ಕೆ ಲಸಿಕೆ ಇದೆ, ಹಾಕಿಸ್ಕೊಂಡಿದ್ದೀರಾ?

ಬೆಳದಿಂಗಳು
ನೆನಪಿಲ್ಲ 😐

ಹೊಸಬ_ಇಲ್ಲಿ
ಎಲ್ಲರಿಗೂ. ಮಾತ್ರೆ ಸಿಕ್ತು.

ಮೊದಲನೇ ಕಡೆ ಕೌಂಟರ್‌ನಲ್ಲಿದ್ದವರಿಗೆ ಪಿಇಪಿ ಅಂದ್ರೇನು ಅಂತಲೇ ಗೊತ್ತಿರಲಿಲ್ಲ. ‘ಜ್ವರ ಇದೆಯಾ’ ಅಂತ ಮೂರು ಸಲ ಕೇಳಿದ್ರು. ಕಡಲಹಕ್ಕಿ ಅವರ ಸಾಲನ್ನೇ ಮೊಬೈಲ್‌ನಲ್ಲಿ ತೋರಿಸಿದೆ. ಅಲ್ಲಿಂದ ಇನ್ನೊಂದು ಕಡೆ ಕಳಿಸಿದ್ರು. ಅಲ್ಲಿ ಡಾಕ್ಟರು ಒಂದು ಮಾತೂ ಹೆಚ್ಚಿಗೆ ಕೇಳಲಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಕ್ರಿಯಾಟಿನಿನ್‌ಗೆ ರಕ್ತ ತಗೊಂಡ್ರು, ರಿಪೋರ್ಟ್ ಬರೋ ಮೊದಲೇ ಮೊದಲ ಮಾತ್ರೆ ಅಲ್ಲೇ ನುಂಗಿಸಿದ್ರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ ಇದೆ. ಸ್ವಲ್ಪ ವಾಕರಿಕೆ, ಅದು ಬಿಟ್ರೆ ಏನೂ ಇಲ್ಲ.

ಒಂದು ಅನುಮಾನ. ನಾನು ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತಗೋತೀನಿ, ಎದೆಯುರಿಗೆ ಆ್ಯಂಟಾಸಿಡ್. ಅವಸರದಲ್ಲಿ ಹೇಳೋದು ಮರೆತೆ. ತೊಂದ್ರೆ ಇದೆಯಾ?

ಲ್ಯಾಬ್‌ಕೋಟು
ಬಹಳ ಒಳ್ಳೇ ಕೆಲಸ. ಹೌದು, ತೊಂದರೆ ಇದೆ. ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್ ಮೂರೂ ಡೊಲುಟೆಗ್ರಾವಿರ್ ರಕ್ತಕ್ಕೆ ಸೇರೋದನ್ನ ತಡೆಯುತ್ತೆ. ಪಿಇಪಿ ಮಾತ್ರೆ ಮೊದಲು ನುಂಗಿ, 2 ಗಂಟೆ ಬಿಟ್ಟು ಅವು. ಅವನ್ನ ಮೊದಲೇ ತಗೊಂಡಿದ್ರೆ 6 ಗಂಟೆ ಬಿಟ್ಟು ಇದು. ಆದ್ರೂ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಹೆಪಟೈಟಿಸ್ ಬಿ ರಿಪೋರ್ಟ್ ಕೇಳಿ ಪಡ್ಕೊಳ್ಳಿ. ಅದು ಇದ್ದವರು ಈ ಮಾತ್ರೆ ಹಠಾತ್ತನೆ ನಿಲ್ಲಿಸಿದ್ರೆ ಲಿವರ್ ಕೆರಳುತ್ತೆ.

ನೇರನುಡಿ
ಶಾಬಾಸ್ ತಮ್ಮಾ. ಕಾಂಡೋಮ್ ಹರದದ್ದು ಹ್ಯಾಂಗ? ಎಣ್ಣಿ, ವ್ಯಾಸಲಿನ್ ಹಚ್ಚಿದ್ರೇನ?

ಹೊಸಬ_ಇಲ್ಲಿ
ಬೇಬಿ ಆಯಿಲ್ 🤦

ನೇರನುಡಿ
ಅಲ್ಲಿಗೇ ಬಂತು ನೋಡು. ಎಣ್ಣಿ ಬಿದ್ರ ರಬ್ಬರ್ ಸಡ್ಲಾಗಿ ಹರೀತೈತಿ. ನೀರಿನ ಲ್ಯೂಬ್ ಇಲ್ಲಾ ಸಿಲಿಕಾನ್ ಲ್ಯೂಬ್ ತಗೋ ಇನ್ ಮ್ಯಾಲೆ.

ನಿಶಾಚರ
ತುಂಬಾ ದಿನ ಆದ್ಮೇಲೆ ಬರೀತಿದ್ದೀನಿ. 45 ದಿನ ದಾಟಿದ ಮೇಲೆ ಅದೇ ಟೆಸ್ಟ್ ಮಾಡಿಸ್ದೆ. ನೆಗೆಟಿವ್.

ಲ್ಯಾಬ್‌ಕೋಟು ಸರ್, ಬೈಬೇಡಿ, ಒಂದೇ ಪ್ರಶ್ನೆ. ಸ್ಯಾಂಪಲ್ ಅದಲುಬದಲಾಗಿದ್ರೆ? ಆ ಹುಡುಗ ಟ್ಯೂಬ್ ಮೇಲೆ ಸ್ಟಿಕ್ಕರ್ ಅಂಟಿಸುವಾಗ ಫೋನ್‌ನಲ್ಲಿ ಮಾತಾಡ್ತಿದ್ದ. ಇನ್ನೊಂದು ಲ್ಯಾಬ್‌ನಲ್ಲಿ ನ್ಯಾಟ್ ಮಾಡಿಸ್ಲಾ? ನನ್ನ ದೇಹದಲ್ಲಿ ಆ್ಯಂಟಿಬಾಡಿ ತಡವಾಗಿ ಆಗೋ ಥರ ಇದ್ರೆ?

ಕೊಂಕುಮಾತು
ಗುರು, ಪಾಸಿಟಿವ್ ಬರೋವರೆಗೂ ಟೆಸ್ಟ್ ಮಾಡಿಸ್ತೀಯಾ?

ಬಾಗಿಲಚಿಲಕ
@ನಿಶಾಚರ ನಿನ್ನ ಪೋಸ್ಟ್ ಓದಿ ನನ್ನ ಹಳೇ ಡೈರಿ ಓದಿದ ಹಾಗಾಯ್ತು. ನನಗೂ ಇದೇ ಭಯ ಇತ್ತು, ಸಂಪರ್ಕ ಅಂತ ಕರೆಯೋಕೂ ಆಗದ ಒಂದು ಮುತ್ತಿನಿಂದ. ಟೆಸ್ಟ್ ನೆಗೆಟಿವ್ ಬಂದಾಗ ಮೊದಲ ಸಲ ಒಂದು ವಾರ ನೆಮ್ಮದಿ ಇತ್ತು. ಮುಂದಿನ ಸಲ ಎರಡು ದಿನ. ಕೊನೆಕೊನೆಗೆ ಲ್ಯಾಬ್‌ನ ಮೆಟ್ಟಿಲು ಇಳಿಯೋ ಹೊತ್ತಿಗೇ ಹೊಸ ಅನುಮಾನ ರೆಡಿ ಇರ್ತಿತ್ತು. ನಾಲಗೆ ನೋಡೋದು, ಗಂಟು ಮುಟ್ಟೋದು, ಇಲ್ಲಿ ಬಂದು ಕೇಳೋದು, ಮೂರೂ ಒಂದೇ. ಪ್ರತಿ ಸಲ ಸಮಾಧಾನ ಸಿಕ್ಕಿದಾಗ ಮುಂದಿನ ಸಲದ ಹಸಿವು ಜಾಸ್ತಿ ಆಗುತ್ತೆ.

ನನಗೆ ಸಹಾಯ ಆಗಿದ್ದು ಮನೋವೈದ್ಯರು. ಆರೋಗ್ಯದ ಆತಂಕ ಅಂದ್ರು, ಗೀಳಿನ ಜಾತಿಗೇ ಹತ್ತಿರದ್ದು. ಮಾತ್ರೆ ಕೊಟ್ರು, ಜೊತೆಗೆ ಸಿಬಿಟಿ ಅಂತ ಮಾತುಕತೆಯ ಚಿಕಿತ್ಸೆ. ಅದರಲ್ಲಿ ಮಾಡಿಸಿದ ಕೆಲಸ ಕೇಳಿದ್ರೆ ನಗು ಬರುತ್ತೆ: ನಾಲಗೆ ನೋಡ್ಬೇಕು ಅನ್ನಿಸಿದಾಗ ಕಾಲು ಗಂಟೆ ಮುಂದೂಡು, ಆತಂಕ ಏರಿದ್ದು ತಾನಾಗೇ ಇಳಿಯುತ್ತಾ ಅಂತ ಬರೆದಿಡು. ಇಳೀತಿತ್ತು. ಮೊದಮೊದಲು ನಂಬಿಕೆನೇ ಬರಲಿಲ್ಲ.

ಗೂಗಲ್‌ಪಂಡಿತ
ಇಷ್ಟಕ್ಕೆಲ್ಲ ಹುಚ್ಚಿನ ಡಾಕ್ಟರ್ ಹತ್ರ ಕಳಿಸ್ತೀರಾ? ದಿನಾ ಬೆಳಿಗ್ಗೆ ಓಡಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಸರಿ ಹೋಗುತ್ತೆ.

ಬಾಗಿಲಚಿಲಕ
ಓಡ್ತಾ ಇರುವಾಗಲೂ ಕತ್ತಿನ ಗಂಟು ಮುಟ್ಟಿ ನೋಡ್ತಿದ್ದೆ ಸಾರ್.

ಲ್ಯಾಬ್‌ಕೋಟು
ನಿಶಾಚರ, ಈ ಸಲ ನಾನು ಉತ್ತರ ಕೊಡಲ್ಲ. ಸ್ಯಾಂಪಲ್ ಅದಲುಬದಲಿಗೆ ಉತ್ತರ ಕೊಟ್ರೆ ನಾಳೆ ಮೆಷಿನ್ ಕೆಟ್ಟಿದ್ರೆ ಅಂತೀರಿ. ಎರಡು ಟೆಸ್ಟ್, ಎರಡೂ ನೆಗೆಟಿವ್, ಎರಡನೆಯದು ಗಡುವು ದಾಟಿದ ಮೇಲೆ. ಮುಗೀತು. ಬಾಗಿಲಚಿಲಕ ಹೇಳಿದ್ದನ್ನ ಕೇಳಿ.

ಕಡಲಹಕ್ಕಿ
ಎಚ್‌ಐವಿ ಆಯಿತು. ಉಳಿದ ಪರೀಕ್ಷೆ?

ನಿಶಾಚರ
ಅದನ್ನ ಹೇಳೋದು ಬಿಟ್ಟಿದ್ದೆ. ನೀವು ಹೇಳಿದ್ರಿ ಅಂತ ಈ ಸಲ ಮೂತ್ರ ಕೂಡ ಕೊಟ್ಟೆ. ಕ್ಲಮೈಡಿಯಾ ಪಾಸಿಟಿವ್. ಸಿಫಿಲಿಸ್, ಗೊನೊರಿಯಾ ಇಲ್ಲ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟಿದ್ದಾರೆ, ದಿನಕ್ಕೆ ಎರಡು, 7 ದಿನ.

ಕೊಂಕುಮಾತು
ಅಂದ್ರೆ ಇಲ್ಲದ ಕಾಯಿಲೆಗೆ ಇಷ್ಟು ವಾರ ಅತ್ತು, ಇರೋದನ್ನ ಇನ್ನೂ ಎರಡು ಸಾಲಲ್ಲಿ ಮುಗಿಸ್ತಿದ್ದೀಯಾ?

ನಿಶಾಚರ
ಇದು ವಾಸಿ ಆಗುತ್ತಲ್ಲ ಬ್ರೋ. ಅದಕ್ಕೆ ಭಯ ಆಗ್ತಿಲ್ಲ.

ಕಡಲಹಕ್ಕಿ
ವಾಸಿ ಆಗ್ತದೆ, ಪೂರ್ತಿ ಕೋರ್ಸ್ ಮುಗಿಸಿದರೆ. ಮಾತ್ರೆ ಮುಗಿಯುವವರೆಗೆ ಸಂಪರ್ಕ ಬೇಡ. ಮೂರು ತಿಂಗಳ ಹೊತ್ತಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಪುನಃ ತಗಲುವುದು ಜಾಸ್ತಿ ಇದರಲ್ಲಿ. ಈಗ ನೀವು ಮಾಡಲೇಬೇಕಾದ್ದು ಒಂದುಂಟು: ಆ ಹೆಂಗಸಿಗೆ ತಿಳಿಸಿ. ಮೇಲೆ ಮರೆಯಲ್ಲಿ ಅವರಿಗೆ ಹೇಳಿದ್ದು ಓದಿದಿರಲ್ಲ. ಆಕೆಗೆ ಲಕ್ಷಣವೇ ಇಲ್ಲದಿರಬಹುದು.

ನಿಶಾಚರ
ಅವರ ಪ್ರೊಫೈಲ್ ಇನ್ನೂ ಇದೆ. ಆದ್ರೆ ಏನಂತ ಬರೆಯೋದು? ‘ನಿಮ್ಮಿಂದ ಬಂತು’ ಅಂತ ಆಪಾದನೆ ಮಾಡಿದ ಹಾಗೆ ಆಗಲ್ವಾ? ನನ್ನಿಂದಲೇ ಅವರಿಗೆ ಹೋಗಿರಬಹುದು ಅಲ್ವಾ?

ಧರ್ಮಸೂಕ್ಷ್ಮ
ಯಾರಿಂದ ಯಾರಿಗೆ ಅನ್ನೋ ಲೆಕ್ಕ ಬಿಡಿ. ತಿಳಿಸಿ. ಇದರಲ್ಲಿ ನಾನು ನರ್ಸ್ ಮೇಡಂ ಕಡೆ.

ಕೊಂಕುಮಾತು
ಇವತ್ತು ಮಳೆ ಬರುತ್ತೆ.

ಎರಡನೇ_ಇನಿಂಗ್ಸ್
ಚಿಕ್ಕದಾಗಿ ಬರಿ. ‘ಪರೀಕ್ಷೆ ಮಾಡಿಸಿದೆ, ನನಗೆ ಕ್ಲಮೈಡಿಯಾ ಇದೆ ಅಂತ ಗೊತ್ತಾಯ್ತು. ಯಾರಿಂದ ಅಂತ ಗೊತ್ತಿಲ್ಲ. ನೀವೂ ಒಮ್ಮೆ ಪರೀಕ್ಷೆ ಮಾಡಿಸಿ, ಮಾತ್ರೆಯಿಂದ ವಾಸಿ ಆಗುತ್ತೆ.’ ಇಷ್ಟು ಸಾಕು. ಕ್ಷಮೆ, ಕಥೆ, ನಾಲಗೆ ವಿಷಯ ಏನೂ ಸೇರಿಸಬೇಡ.

ನಿಶಾಚರ
ಕಳಿಸ್ದೆ. ಹಾಗೇ ಕಾಪಿ ಮಾಡಿ.

‘ಥ್ಯಾಂಕ್ಸ್, ನಾನು ಆರು ತಿಂಗಳಿಗೊಮ್ಮೆ ಮಾಡಿಸ್ತೀನಿ, ಹೋದ ತಿಂಗಳು ಎಚ್‌ಐವಿ ನೆಗೆಟಿವ್ ಇತ್ತು, ಇದನ್ನೂ ನೋಡಿಸ್ತೀನಿ’ ಅಂತ ಬಂತು.

ನೇರನುಡಿ
ಮೊದಲನೇ ದಿನಾನ ಕೇಳಿದ್ರ ಮುಗೀತಿತ್ತಲ್ಲೋ ತಮ್ಮಾ!

ಬಾಗಿಲಚಿಲಕ
ಮುಗೀತಿರಲಿಲ್ಲ. ‘ಅವರು ಸುಳ್ಳು ಹೇಳ್ತಿದ್ರೆ’ ಅಂತ ಶುರು ಆಗ್ತಿತ್ತು. ನಿಶಾಚರ, ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡ್ಯಾ?

ನಿಶಾಚರ
ಗುರುವಾರಕ್ಕೆ.

ಹೊಸಬ_ಇಲ್ಲಿ
ನನ್ನ 28 ದಿನದ ಕೋರ್ಸ್ ನಾಳೆಗೆ ಮುಗಿಯುತ್ತೆ. ಹೆಪಟೈಟಿಸ್ ಬಿ ಇಲ್ಲ, ಲಸಿಕೆ ಶುರು ಮಾಡಿದ್ದಾರೆ. ಎಚ್‌ಐವಿ ಟೆಸ್ಟ್ ಯಾವಾಗ? ಮೇಲೆ ಹೇಳಿದ 45 ದಿನ ನನಗೂ ಅನ್ವಯ ಆಗುತ್ತಾ?

ಲ್ಯಾಬ್‌ಕೋಟು
ಆಗಲ್ಲ. ಪಿಇಪಿ ತಗೊಂಡವರಲ್ಲಿ ಟೆಸ್ಟ್ ತೋರಿಸೋದು ತಡ ಆಗಬಹುದು. ಸಂಪರ್ಕ ಆಗಿ 4ರಿಂದ 6 ವಾರಕ್ಕೆ ಒಮ್ಮೆ, 12 ವಾರಕ್ಕೆ ಕೊನೆಯದು. 12 ವಾರದ ರಿಪೋರ್ಟ್ ಬರೋವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಬೇಡ.

ಕಡಲಹಕ್ಕಿ
ಅದರ ಜೊತೆಗೆ ಪಿಆರ್‌ಇಪಿ ಬಗ್ಗೆಯೂ ಡಾಕ್ಟರಲ್ಲಿ ಕೇಳಿ. ಅದು ಆಗುವ ಮೊದಲೇ ತಗೊಳ್ಳುವ ಮಾತ್ರೆ, 2012ರಿಂದ ಬಳಕೆಯಲ್ಲುಂಟು. 2025ರಲ್ಲಿ ಆರು ತಿಂಗಳಿಗೊಂದು ಇಂಜೆಕ್ಷನ್‌ಗೂ ಒಪ್ಪಿಗೆ ಸಿಕ್ಕಿತು, ಲೆನಾಕಪಾವಿರ್ ಅಂತ. ನಿಮ್ಮ ಕಡೆ ಯಾವುದು ಸಿಗ್ತದೆ ಅಂತ ಅವರೇ ಹೇಳ್ತಾರೆ.

ಹೊಸಬ_ಇಲ್ಲಿ
ಕೇಳ್ತೀನಿ. ಅವನನ್ನೂ ಕರ್ಕೊಂಡು ಹೋಗ್ತಿದ್ದೀನಿ, ಅವನು ಕೊನೇ ಸಲ ಟೆಸ್ಟ್ ಮಾಡಿಸಿದ್ದು ಯಾವಾಗ ಅಂತ ಅವನಿಗೇ ನೆನಪಿಲ್ಲ.